ಸದಸ್ಯರ ಗಂಟಲು ಕಟ್ಟಿದ ದಿನ

ಅಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಐಸ್‌ಕ್ಯಾಂಡಿ. ಮತ್ತೊಮ್ಮೆ ಚುನಾವಣೆಗೆ ನಿಂತಿದ್ದ ನಗರಸಭೆಯ ಸದಸ್ಯರು ಹಿಂದಿನ ದಿನ ಶಾಲೆಯ ಗೇಟಿನ ಬಳಿ ಮಕ್ಕಳ ನಡುವೆ ನಿಂತು, ಐಸ್‌ಕ್ಯಾಂಡಿ ಚೀಪುತ್ತಾ ಫೋಟೊ ತೆಗೆಸಿಕೊಂಡಿದ್ದರು. ಮೊದಲ ಫೋಟೊದಲ್ಲಿ ಅವರ ಕಣ್ಣು ಮುಚ್ಚಿತ್ತು. ಎರಡನೆಯದರಲ್ಲಿ ಮೀಸೆ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಮೂರನೆಯದರಲ್ಲಿ ಹಿಂದಿದ್ದ ಮಗುವೊಂದು ಇಷ್ಟುದ್ದ ನಾಲಿಗೆ ಚಾಚಿತ್ತು. ಫೋಟೊದವನಿಗೆ ತೃಪ್ತಿಯಾಗುವಷ್ಟರಲ್ಲಿ ಮಾರುವವನ ಡಬ್ಬಿ ಖಾಲಿಯಾಗಿತ್ತು. ಮರುದಿನ ಬೆಳಗ್ಗೆ ಸದಸ್ಯರು ಎದ್ದು ಹೆಂಡತಿಯನ್ನು ಕರೆಯಲು ಬಾಯಿ ತೆರೆದರೆ, ಸೈಕಲ್ ಟ್ಯೂಬಿನಿಂದ ಗಾಳಿ ಹೋದಂಥ ಸದ್ದು ಬಂತೇ ಹೊರತು ಮಾತು ಬರಲಿಲ್ಲ. ಅಂದೇ ಮಧ್ಯಾಹ್ನ ಅವರ ಕೊನೆಯ ಬಹಿರಂಗ ಸಭೆ.

ಈ ಸುದ್ದಿ ಹೊರಬಿದ್ದಾಗ ನಮ್ಮ ಸದ್ಯಕ್ಕಪ್ಪ ಮನೆಯಲ್ಲಿ ಮಾವನ ಫೋನು ರಿಪೇರಿ ಮಾಡುತ್ತಾ ಕೂತಿದ್ದ. ಸದ್ಯಕ್ಕಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವನೊಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದ. “ಸರಿ ಹೋಯ್ತಾ?” ಎಂದು ಯಾರು ಕೇಳಿದರೂ ಅವನ ಉತ್ತರ ಒಂದೇ: “ಸದ್ಯಕ್ಕೆ.” ಅವನು ಸತ್ಯವಂತ, ನಾಳೆಯ ಮಾತು ಕೊಡುವಷ್ಟು ಧೈರ್ಯ ಅವನಿಗೆ ಯಾವತ್ತೂ ಬಂದದ್ದಿಲ್ಲ. ಆಫೀಸಿನವರು ಅದಕ್ಕೊಂದು ಅಪ್ಪ ಸೇರಿಸಿದರು.

“ಅಳಿಯಂದಿರೇ, ಅಷ್ಟೆಲ್ಲ ಕಂಪ್ಯೂಟರ್ ಓದಿದೀರ. ಈ ಫೋನಲ್ಲಿ ಅಕ್ಷರ ಯಾಕೆ ಇರುವೆ ಸಾಲಿನ ಹಾಗೆ ಹರಿದಾಡುತ್ತೆ, ಅದನ್ನ ಹೇಳೋಕ್ಕಾಗಲ್ವಲ್ಲ ನಿಮಗೆ?” ಎಂದರು ಮಾವ. ಅವರು ನಿವೃತ್ತ ಬಸ್ ಕಂಡಕ್ಟರ್. ಬಸ್ಸಿನ ಹಿಂಬಾಗಿಲಲ್ಲಿ ನಿಂತು ಡ್ರೈವರಿಗೆ ಕೇಳುವಂತೆ ಮಾತಾಡಿ ಮಾತಾಡಿ, ಈಗ ಉಪ್ಪು ಕೇಳಿದರೂ ಪಕ್ಕದ ಮನೆಯವರು ತಂದುಕೊಡುವಂತಾಗಿತ್ತು.

“ನಿಮ್ಮ ಕನ್ನಡಕ ಟಿವಿ ಮೇಲಿದೆ ಮಾವ.”

“ನೋಡಿದ್ಯಾ ಮಗಳೇ? ಕೇಳಿದ್ದು ಫೋನಿನ ವಿಷಯ, ಹೇಳೋದು ಟಿವಿ ವಿಷಯ!”

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಆ ಕಡೆ ಮ್ಯಾನೇಜರ್ ಮೇಡಂ. ಯಾವ ಅನಾಹುತವನ್ನೂ ಅವಕಾಶ ಎಂದೇ ಕರೆಯುವ ಹೆಂಗಸು ಆಕೆ. “ಒಂದು ದೊಡ್ಡ ಅವಕಾಶ ಬಂದಿದೆ. ಲ್ಯಾಪ್‌ಟಾಪ್ ತಗೊಂಡು ಈಗಿಂದೀಗಲೇ ಸದಸ್ಯರ ಮನೆಗೆ ಬನ್ನಿ. ನಿಮ್ಮ ಮಾತಿನ ಯಂತ್ರಕ್ಕೆ ಇವತ್ತು ಯೋಗ ಕೂಡಿಬಂತು!”

ಸದ್ಯಕ್ಕಪ್ಪ ಮಾವನ ಫೋನು ಕೆಳಗಿಟ್ಟು ಲ್ಯಾಪ್‌ಟಾಪ್ ಎತ್ತಿಕೊಂಡ.

ಸದಸ್ಯರ ಆಫೀಸಿಗೆಂದು ಕಂಪನಿ ಮಾಡಿಸುತ್ತಿದ್ದ ಮಾತಿನ ಯಂತ್ರ ಅವನ ಕನಸಿನ ಕೂಸು. ಊರಿನ ಯಾವ ಮೂಲೆಯಿಂದ ಯಾರು ಫೋನ್ ಮಾಡಿದರೂ ಅದು ಎತ್ತಬೇಕು, ಕೇಳಬೇಕು, ಸದಸ್ಯರದೇ ದನಿಯಲ್ಲಿ ಉತ್ತರ ಕೊಡಬೇಕು. ಅದಕ್ಕಾಗಿ ಸದಸ್ಯರು ಈವರೆಗೆ ಮಾಡಿದ್ದ ಭಾಷಣಗಳನ್ನೆಲ್ಲ ಅದಕ್ಕೆ ಉಣಿಸಿದ್ದ. ಮುಂದೆಯೂ ಅವರ ದನಿ ಎಲ್ಲಿ ಕೇಳಿದರೂ ಅಲ್ಲಿಂದ ತಾನಾಗಿಯೇ ಕಲಿಯುವಂತೆ ಮಾಡಿದ್ದ. ಮೇಜಿನ ಆಚೆ ಕೂತವರಿಗೆ ಈಚೆ ನಿಂತವರ ಮಾತು ಕೇಳಿಸಿದರೆ ಊರು ಅರ್ಧ ಸರಿಹೋಗುತ್ತದೆಂಬುದು ಅವನ ನಂಬಿಕೆ. ಯಂತ್ರ ಮೊದಲ ಬಾರಿಗೆ ಬಾಯಿ ಬಿಟ್ಟು, “ಹೇಳಿ, ಕೇಳಿಸ್ತಾ ಇದೆ” ಎಂದ ದಿನ ಅವನು ಕುರ್ಚಿಯಿಂದ ಎದ್ದು ನಿಂತಿದ್ದ. ಹಿರಿಯರು ಒಳಗೆ ಬಂದಾಗ ಎದ್ದು ನಿಲ್ಲುತ್ತೇವಲ್ಲ, ಹಾಗೆ. ಆಮೇಲೆ ಯಾಕೆ ಎದ್ದೆನೆಂದು ಅವನಿಗೇ ತಿಳಿಯಲಿಲ್ಲ.

ಸದಸ್ಯರ ಮನೆಯ ಹಜಾರದಲ್ಲಿ ಜನ ಪಿಸುಗುಡುತ್ತಿದ್ದರು. ಮನೆಯೊಡೆಯರಿಗೇ ಮಾತಿಲ್ಲದಿರುವಾಗ ಗಟ್ಟಿಯಾಗಿ ಮಾತಾಡುವುದು ಮರ್ಯಾದೆಯಲ್ಲವೆಂದು ಎಲ್ಲರೂ ತಾವಾಗಿಯೇ ತೀರ್ಮಾನಿಸಿದಂತಿತ್ತು. ಸದಸ್ಯರು ಕೊರಳಿಗೆ ಮಫ್ಲರ್ ಸುತ್ತಿ ಸೋಫಾದಲ್ಲಿ ಕೂತಿದ್ದರು. ಸದ್ಯಕ್ಕಪ್ಪ ಲ್ಯಾಪ್‌ಟಾಪ್ ತೆರೆದು, ಪರೀಕ್ಷೆಗೆಂದು ಒಂದು ಸಾಲು ಬೆರಳಚ್ಚಿಸಿದ. ಸ್ಪೀಕರಿನಿಂದ ಸದಸ್ಯರ ದನಿ ಗಂಟೆ ಹೊಡೆದಂತೆ ಹೊರಬಂತು: “ಏನೇ, ಒಂದು ಲೋಟ ಕಾಫಿ ಸಿಗುತ್ತಾ?”

ಅಡುಗೆಮನೆಯಿಂದ ಸದಸ್ಯರ ಹೆಂಡತಿ ಕೂಗಿದರು: “ಬೆಳಗ್ಗಿಂದ ಸನ್ನೆ ಮಾಡಿ ಮಾಡಿ ನನ್ನ ಜೀವ ತಿಂದ್ರಿ. ಕಾಫಿ ಅಂದ ತಕ್ಷಣ ಗಂಟಲು ಬಿಟ್ಟುಬಿಡ್ತಾ?”

ಅಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೇ ವ್ಯತ್ಯಾಸ ತಿಳಿಯಲಿಲ್ಲ! ಸದಸ್ಯರು ನಿಧಾನಕ್ಕೆ ಎದ್ದು ಬಂದು, ಮಲಗಿದ ಮಗುವನ್ನು ನೋಡುವಂತೆ ಲ್ಯಾಪ್‌ಟಾಪಿನ ಮೇಲೆ ಬಗ್ಗಿ ನೋಡಿದರು. ಅವರ ಕಣ್ಣಲ್ಲಿ ನೀರಾಡಿತು. ತಮ್ಮ ದನಿ ಅಷ್ಟು ಚೆನ್ನಾಗಿದೆಯೆಂದು ಅವರಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲವೋ ಏನೋ.

“ನನಗೆ ಯಾಕೋ ಭಯ ಆಗ್ತಿದೆ” ಎಂದಳು ಹುಳುಕಕ್ಕ. ಆಕೆ ಕಂಪನಿಯ ಟೆಸ್ಟರ್. ಪ್ರೋಗ್ರಾಮಿನಲ್ಲಿ ಹುಳುಕು ಹುಡುಕುವುದೇ ಕಸುಬು. ಹುಳುಕು ಸಿಗದ ದಿನ ಆಕೆಗೆ ಅನ್ನ ಸೇರುತ್ತಿರಲಿಲ್ಲ. ಆಕೆ ಮೈಕಿನ ಮುಂದೆ ಬಂದು ಕೇಳಿದಳು: “ಸಾರ್, ನಮ್ಮ ಬೀದಿಯಲ್ಲಿ ಸೂರ್ಯ ಬೇರೆ ಕಡೆಗಿಂತ ಬೇಗ ಮುಳುಗ್ತಾನೆ. ಏನ್ಮಾಡ್ತೀರಿ?”

ಯಂತ್ರ ಕ್ಷಣವೂ ತಡಮಾಡಲಿಲ್ಲ. “ನಿಮ್ಮ ನೋವೇ ನನ್ನ ನೋವು. ಸಂಬಂಧಪಟ್ಟವರ ಜೊತೆ ಮಾತಾಡಿ ಶೀಘ್ರದಲ್ಲೇ ಸೂಕ್ತ ಕ್ರಮ ಕೈಗೊಳ್ತೀನಿ.”

“ನೋಡಿದ್ರಾ, ಕೆಟ್ಟಿದೆ” ಎಂದಳು ಹುಳುಕಕ್ಕ.

“ಕೆಟ್ಟಿಲ್ಲ ಕಣಮ್ಮ, ಸಾಕ್ಷಾತ್ ಅವರೇ!” ಎಂದರು ಮೇಡಂ. ಸದಸ್ಯರು ಹೆಮ್ಮೆಯಿಂದ ತಲೆದೂಗಿದರು.

“ಆದ್ರೂ ಇದು ಮೋಸ ಅಲ್ವಾ ಮೇಡಂ? ಜನ ಅವರ ಮಾತು ಕೇಳೋಕೆ ಬರ್ತಾರೆ” ಎಂದ ಸದ್ಯಕ್ಕಪ್ಪ.

“ದನಿ ಅವರದ್ದು, ಮಾತು ಅವರದ್ದು, ಮೀಸೆ ಅವರದ್ದು. ಗಂಟಲೊಂದು ನಮ್ಮದು. ಮೋಸ ಎಲ್ಲಿ ಬಂತು?”

ಮೀಸೆಯ ಮಾತು ಸುಳ್ಳಲ್ಲ. ಸದಸ್ಯರ ಮೀಸೆ ಮೇಲ್ದುಟಿಯನ್ನು ದಾಟಿ ಕೆಳದುಟಿಯ ಗಡಿಯವರೆಗೆ ಒತ್ತುವರಿ ಮಾಡಿತ್ತು. ಅದರ ಹಿಂದೆ ಬಾಯಿ ಮಾತಾಡುತ್ತಿದೆಯೋ ಸುಮ್ಮನೆ ಆಡುತ್ತಿದೆಯೋ ಯಾರಿಗೂ ತಿಳಿಯುವಂತಿರಲಿಲ್ಲ.

ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಮೈದಾನ ತುಂಬಿತು. ವೇದಿಕೆಯ ಹಿಂದೆ ಪರದೆ, ಪರದೆಯ ಹಿಂದೆ ಮಡಚುವ ಕುರ್ಚಿ, ಕುರ್ಚಿಯ ಮೇಲೆ ಸದ್ಯಕ್ಕಪ್ಪ, ಅವನ ತೊಡೆಯ ಮೇಲೆ ಯಂತ್ರ. ಪರದೆಯ ಸೀಳಿನಿಂದ ಅವನಿಗೆ ಸದಸ್ಯರ ಬೆನ್ನೂ ಅದರಾಚೆ ಜನಸಾಗರವೂ ಕಾಣುತ್ತಿತ್ತು. ಮೂರನೆಯ ಸಾಲಿನಲ್ಲಿ ಮಾವ! ಮಾವ ಸಭೆಗೆ ಬರುತ್ತಾರೆಂಬುದು ಅವನಿಗೆ ಗೊತ್ತಿರಲಿಲ್ಲ. ಅಳಿಯ ಪರದೆಯ ಹಿಂದಿದ್ದಾನೆಂಬುದು ಮಾವನಿಗೂ ಗೊತ್ತಿರಲಿಲ್ಲ.

ಯಂತ್ರ ಶುರುಮಾಡಿತು. ಅಬ್ಬಾ, ಎಂಥ ಭಾಷಣ! ಎಲ್ಲಿ ಏರಬೇಕೋ ಅಲ್ಲಿ ಏರಿತು, ಎಲ್ಲಿ ಗದ್ಗದವಾಗಬೇಕೋ ಅಲ್ಲಿ ಗದ್ಗದವಾಯಿತು. ಸದಸ್ಯರು ಹಿಂದೆ ಮಾಡಿದ ಭಾಷಣಗಳಲ್ಲಿ ಚೆನ್ನಾಗಿದ್ದ ಒಂದೊಂದು ಸಾಲನ್ನೂ ಹೆಕ್ಕಿ ತಂದು, ಹೂ ಕಟ್ಟಿದಂತೆ ಕಟ್ಟಿ ಕೊಟ್ಟಿತು. ಕೂಸುಗಳು ಅಳು ನಿಲ್ಲಿಸಿದವು. ಕಡಲೆಕಾಯಿ ಮಾರುವವನು ಕೂಗುವುದನ್ನು ಮರೆತು ನಿಂತ. ಸದಸ್ಯರು ಮೊದಮೊದಲು ಶ್ರದ್ಧೆಯಿಂದ ಬಾಯಾಡಿಸಿದರು. ಆಮೇಲೆ ಕೇಳುತ್ತಾ ಕೇಳುತ್ತಾ ತಾವೂ ಮೈಮರೆತರು. ಒಂದು ಸಾಲಿಗಂತೂ ಬಾಯಾಡಿಸುವುದನ್ನೇ ಬಿಟ್ಟು, ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿಬಿಟ್ಟರು!

ಸದ್ಯಕ್ಕಪ್ಪನ ಜೀವ ಬಾಯಿಗೆ ಬಂತು. ಆದರೆ ಸದಸ್ಯರು ತಮಗೇ ಚಪ್ಪಾಳೆ ತಟ್ಟಿಕೊಳ್ಳುವುದು ಜನಕ್ಕೆ ಹೊಸದೇನಲ್ಲ. ಅವರೂ ತಟ್ಟಿದರು.

ಪ್ರಶ್ನೆಗಳ ಸರದಿ ಬಂತು. ಹುಳುಕಕ್ಕ ಕೈಮೈಕು ಹಿಡಿದು ಜನರ ನಡುವೆ ಇಳಿದಳು. ನಡುವಯಸ್ಸಿನ ಹೆಂಗಸೊಬ್ಬಳು ಎದ್ದು ನಿಂತಳು. “ಅಣ್ಣಾ, ನಾನು ಮಾರ್ಕೆಟ್ ಹಿಂದಿನ ಬೀದಿಯವಳು, ಬಟ್ಟೆ ಹೊಲೀತೀನಿ. ನಮ್ಮ ಬೀದಿ ದೀಪ ಕೆಟ್ಟು ಎಷ್ಟೋ ಕಾಲ ಆಯ್ತು. ನಿಮ್ಮ ಆ್ಯಪಲ್ಲಿ ದೂರು ಕೊಟ್ಟೆ. ಹಸಿರು ಬಣ್ಣದಲ್ಲಿ ‘ಪರಿಹರಿಸಲಾಗಿದೆ’ ಅಂತ ಬಂತು. ಖುಷಿಯಿಂದ ಓಡಿ ಹೊರಗೆ ಬಂದು ನೋಡಿದೆ, ಅದೇ ಕತ್ತಲೆ. ಫೋನು ಸುಳ್ಳು ಹೇಳುತ್ತಾ, ನನ್ನ ಕಣ್ಣು ಸುಳ್ಳು ಹೇಳುತ್ತಾ? ನೀವೇ ಹೇಳಿ.”

ಯಂತ್ರ ಉತ್ತರಿಸಲಿಲ್ಲ.

ಸದ್ಯಕ್ಕಪ್ಪ ಲ್ಯಾಪ್‌ಟಾಪಿನ ತೆರೆಯ ಕಡೆ ನೋಡಿದ. ಚಕ್ರ ಸುತ್ತುತ್ತಿತ್ತು. ಭಾಷಣದ ಮೋಡಿಗೆ ಬಿದ್ದ ಜನ ಫೋನು ಎತ್ತಿ ಹಿಡಿದು ನೆಂಟರಿಷ್ಟರಿಗೆಲ್ಲ ನೇರಪ್ರಸಾರ ಮಾಡತೊಡಗಿದ್ದರು; ಮೈದಾನದ ಮೇಲಿನ ನೆಟ್‌ವರ್ಕು ಉಸಿರುಕಟ್ಟಿ ಬಿದ್ದಿತ್ತು. ಯಂತ್ರದ ಬುದ್ಧಿಯೆಲ್ಲ ದೂರದಲ್ಲೆಲ್ಲೋ ಇರುವ ದೊಡ್ಡ ಕಂಪ್ಯೂಟರಿನಲ್ಲಿತ್ತು. ದನಿ ಬದಲಿಸುವ ಭಾಗವೊಂದೇ ಲ್ಯಾಪ್‌ಟಾಪಿನೊಳಗೆ ಉಳಿದದ್ದು. ಅಂದರೆ ಗಂಟಲು ಇಲ್ಲಿದೆ, ತಲೆ ಇಲ್ಲ!

ಸಭೆ ಕಾದಿತ್ತು. ಸದಸ್ಯರು ಬೆನ್ನ ಹಿಂದೆ ಕೈಕಟ್ಟಿ ನಿಂತು, ಕೈಬೆರಳುಗಳನ್ನು ‘ಏನಾದ್ರೂ ಮಾಡು’ ಎಂಬಂತೆ ಕುಣಿಸುತ್ತಿದ್ದರು. ಆಫೀಸಿನ ಮೀಟಿಂಗಿನಲ್ಲಿ ‘ಹಾಜರ್’ ಎನ್ನುವುದಕ್ಕೂ ಎರಡು ಸಲ ಕೆಮ್ಮುವ ಸದ್ಯಕ್ಕಪ್ಪ ಲ್ಯಾಪ್‌ಟಾಪಿನ ಮೈಕಿಗೆ ಬಾಯಿ ತಂದ. ಅವನು ಕೆಮ್ಮಿದ. ಮೈದಾನದ ತುಂಬ ಸದಸ್ಯರ ದನಿಯಲ್ಲಿ ಕೆಮ್ಮು ಮೊಳಗಿತು.

ಅವನಿಗೆ ಆ ಹಸಿರು ಬಣ್ಣ ಗೊತ್ತಿತ್ತು. ದೂರಿನ ಆ್ಯಪನ್ನು ಬರೆದವನೂ ಅವನೇ. ಕೆಂಪು ಬಣ್ಣದ ದೂರು ಹೆಚ್ಚಾದರೆ ಸದಸ್ಯರ ರಕ್ತದೊತ್ತಡ ಏರುತ್ತದೆಂದು, ವಾರ ಕಳೆದ ದೂರುಗಳೆಲ್ಲ ತಾವಾಗಿಯೇ ಹಸಿರಾಗಲಿ ಎಂದು ಮೇಡಂ ಅಪ್ಪಣೆ ಮಾಡಿದ್ದರು. ಅವನು ಬೇಡವೆಂದಿದ್ದ. ಅವನು ಬೇಡವೆಂದದ್ದು ಯಾರಿಗೂ ಕೇಳಿಸಿರಲಿಲ್ಲ. ಈಗ ಅವನ ಬಾಯಿಗೂ ಊರಿನ ಕಿವಿಗೂ ನಡುವೆ ಯಾರೂ ಇರಲಿಲ್ಲ.

“ನಿಮ್ಮ ಕಣ್ಣು ಸುಳ್ಳು ಹೇಳಲ್ಲ ತಾಯಿ” ಎಂದ. ದನಿ ಸದಸ್ಯರದಾಗಿ ಹೋಯಿತು. “ಫೋನೇ ಸುಳ್ಳು ಹೇಳ್ತಿರೋದು. ಅದಕ್ಕೆ ಸುಳ್ಳು ಹೇಳಿಕೊಟ್ಟೋರು ನಾವು. ದೂರು ಹಳೇದಾದ್ರೆ ತಾನಾಗೇ ಹಸಿರಾಗೋ ಹಾಗೆ ಮಾಡಿದೀವಿ. ಎಲೆ ಹಳೇದಾದ್ರೆ ಹಳದಿಯಾಗುತ್ತೆ, ನಮ್ಮಲ್ಲಿ ಮಾತ್ರ ಹಸಿರಾಗುತ್ತೆ.”

ಸದಸ್ಯರ ಬೆನ್ನು ಬಿಲ್ಲಿನಂತೆ ಸೆಟೆಯಿತು. ಆದರೆ ಬಾಯಾಡಿಸದೆ ಬೇರೆ ದಾರಿಯಿರಲಿಲ್ಲ. ತಮ್ಮ ಮೇಲಿನ ಆರೋಪಪಟ್ಟಿಯನ್ನು ತಾವೇ ಓದುವವರಂತೆ, ಕಣ್ಣುಗುಡ್ಡೆ ಹೊರಗೆ ಬಂದರೂ ಮೀಸೆ ಕುಣಿಸುತ್ತಲೇ ಇದ್ದರು. ಜನಕ್ಕೆ ಅದು ಪಶ್ಚಾತ್ತಾಪದಂತೆ ಕಂಡಿತು.

“ದೊಡ್ಡ ದೊಡ್ಡ ಮಾತು ನನಗೆ ಬೇಡ ತಾಯಿ. ಇವತ್ತು ಕತ್ತಲಾಗೋದ್ರೊಳಗೆ ನಿಮ್ಮ ಬೀದಿ ದೀಪ ಉರಿಯುತ್ತೆ. ಅಷ್ಟು ಹೇಳಬಲ್ಲೆ.”

ಆಮೇಲೆ ಎದ್ದ ಚಪ್ಪಾಳೆಗೆ ಪರದೆ ನಡುಗಿತು, ಪರದೆಯ ಹಿಂದೆ ಸದ್ಯಕ್ಕಪ್ಪನೂ ನಡುಗಿದ. ಮೊದಲಿನ ಚಪ್ಪಾಳೆಗಳು ಅಂಗೈಯಿಂದ ಬಂದವು. ಇದು ಬೇರೆ ಎಲ್ಲಿಂದಲೋ ಬಂದಂತಿತ್ತು. ಹೊಲಿಗೆಯ ಹೆಂಗಸು ಸೆರಗಿನಿಂದ ಕಣ್ಣೊತ್ತಿಕೊಂಡು ಕೂತಳು. ನಿಜ ಹೇಳಿದರೆ ಇಷ್ಟು ಜನ ಇಷ್ಟು ಹೊತ್ತು ಸುಮ್ಮನೆ ಕೇಳುತ್ತಾರೆಯೆ? ಇಷ್ಟು ವರ್ಷ ಇದನ್ನು ಯಾರೂ ಪರೀಕ್ಷೆ ಮಾಡಿ ನೋಡಲೇ ಇಲ್ಲವಲ್ಲ ಎಂದು ಅವನು ಬೆರಗಾದ.

ಆಗ ಮಾವ ಎದ್ದರು. ಹುಳುಕಕ್ಕ ಮೈಕು ಕೊಡಲು ಹೋದಳು, ಅವರು ಬೇಡವೆಂದರು. ಅವರಿಗೆ ಅದರ ಅಗತ್ಯವೂ ಇರಲಿಲ್ಲ.

“ಸ್ವಾಮೀ! ನನಗೊಬ್ಬ ಅಳಿಯ ಇದ್ದಾನೆ!”

ಪರದೆಯ ಹಿಂದೆ ಅಳಿಯ ಕಣ್ಣು ಮುಚ್ಚಿಕೊಂಡ.

“ಕಂಪ್ಯೂಟರ್ ಕೆಲಸ. ಬೆಳಗ್ಗೆ ಎದ್ರೆ ಅದರ ಮುಂದೆ, ಮಲಗೋವಾಗ್ಲೂ ಅದರ ಮುಂದೆ. ಮಾತು ಕಮ್ಮಿ. ನಾನು ಅವನನ್ನ ಎದುರಿಗೆ ಎಷ್ಟೋ ಸಲ ಆಡಿಕೊಳ್ತೀನಿ, ಅದು ಬೇರೆ ವಿಷಯ. ಆದ್ರೆ ಹುಡುಗ ಬಂಗಾರ. ಈಗ ಏನೋ ಹೊಸಾ ಯಂತ್ರ ಬಂದಿದೆಯಂತೆ, ತಾನೇ ಯೋಚನೆ ಮಾಡುತ್ತಂತೆ, ತಾನೇ ಬರೆಯುತ್ತಂತೆ. ಅವನ ಕೆಲಸ ಅದು ನುಂಗಿಬಿಡುತ್ತಾ ಸ್ವಾಮೀ? ಮನೇಲಿ ಕೇಳೋಣ ಅಂದ್ರೆ, ಕೇಳಿ ಅವನ ಮನಸ್ಸು ನೋಯಿಸಿದ ಹಾಗಾಗುತ್ತೆ. ಅದಕ್ಕೆ ನಿಮ್ಮನ್ನ ಕೇಳ್ತಿದೀನಿ.”

ಸದ್ಯಕ್ಕಪ್ಪನ ಗಂಟಲು ಕಟ್ಟಿತು. ಈಗ ಪರದೆಯ ಎರಡೂ ಬದಿಗೆ ಒಂದೊಂದು ಕಟ್ಟಿದ ಗಂಟಲು. ಮದುವೆಯಾದಾಗಿನಿಂದ ಮಾವನ ಬಾಯಲ್ಲಿ ‘ಬಂಗಾರ’ ಎಂಬ ಮಾತನ್ನು ಅವನು ಕೇಳಿದ್ದು ಚಿನ್ನದ ದರದ ವಿಷಯದಲ್ಲಿ ಮಾತ್ರ.

“ಇಲ್ಲ ಮಾವ…” ಎಂದುಬಿಟ್ಟ.

ಸಭೆ ಗುಜುಗುಟ್ಟಿತು. ಸದಸ್ಯರು ಒಬ್ಬ ಸಾಮಾನ್ಯ ಹಿರಿಯನನ್ನು ಮಾವ ಎಂದರು! ‘ಎಂಥ ಸರಳತನ!’ ಎಂದು ಮುಂದಿನ ಸಾಲಿನವರು ಹಿಂದಿನವರಿಗೆ ದಾಟಿಸಿದರು. ಮಾವನ ಎದೆ ಎರಡು ಇಂಚು ಉಬ್ಬಿತು.

ಸದ್ಯಕ್ಕಪ್ಪ ಸಾವರಿಸಿಕೊಂಡ. “ನುಂಗುತ್ತೋ ಇಲ್ವೋ ನನಗೆ ಗೊತ್ತಿಲ್ಲ. ಗೊತ್ತು ಅಂತ ಹೇಳೋರು ಸಿಕ್ಕಿದ್ರೆ ನಂಬಬೇಡಿ. ಆ ಯಂತ್ರ ನೋಡಿ ಅವನಿಗೂ ಆಶ್ಚರ್ಯವೇ. ತಾನು ಹಚ್ಚಿದ ಕಿಡಿ ಬೆಟ್ಟದಷ್ಟು ಉರಿದ್ರೆ ಹೆಮ್ಮೆ ಪಡಬೇಕೋ ಓಡಬೇಕೋ ತಿಳಿಯದೆ ನಿಂತಿರ್ತಾನೆ. ಅವನಿಗೆ ಭಯ ಇಲ್ಲ ಅಂದ್ಕೋಬೇಡಿ; ಹೇಳಲ್ಲ, ಅಷ್ಟೇ. ಈಗ ಹೇಳಿದ್ರಲ್ಲ, ಬಂಗಾರ ಅಂತ. ಅದನ್ನ ಒಂದ್ಸಲ ಅವನ ಎದುರಿಗೆ ಹೇಳಿ. ಅಷ್ಟು ಸಾಕು ಅವನಿಗೆ.” ಸ್ವಲ್ಪ ತಡೆದು, ಸಮಯ ಮತ್ತೆ ಸಿಗಲಾರದೆಂದು ಸೇರಿಸಿದ: “ಮತ್ತೆ ಭಾನುವಾರ ಒಂದಿನ ಟಿವಿ ರಿಮೋಟು ಅವನ ಕೈಗೆ ಕೊಡಿ.”

ನಗುವೂ ಚಪ್ಪಾಳೆಯೂ ಒಟ್ಟಿಗೆ ಮೈದಾನವನ್ನು ಹೊತ್ತುಕೊಂಡು ಹೋದವು. ಸಭೆ ಮುಗಿಯಿತು.

ಪರದೆಯ ಹಿಂದೆ ಮೊದಲು ನುಗ್ಗಿದವರು ಸದಸ್ಯರು. ಈಗ ಕೊರಳು ಹಿಸುಕುತ್ತಾರೆಂದು ಸದ್ಯಕ್ಕಪ್ಪ ಕುರ್ಚಿಯಿಂದ ಎದ್ದ. ಅವರು ಅವನನ್ನು ದಾಟಿ ಹೋಗಿ ಲ್ಯಾಪ್‌ಟಾಪನ್ನು ಎದೆಗೊತ್ತಿಕೊಂಡರು. ಬೈಯಬೇಕೆಂದೇ ಅವರು ವೇದಿಕೆ ಇಳಿದದ್ದು; ಅಷ್ಟರಲ್ಲಿ ಎದುರು ಪಕ್ಷದ ಇಬ್ಬರು ಬಂದು ಕೈಕುಲುಕಿ ಅತ್ತಿದ್ದರು.

“ಏನು ಯಂತ್ರ! ಏನು ಯಂತ್ರ!” ಮೇಡಂ ಏದುಸಿರು ಬಿಡುತ್ತಾ ಬಂದರು. “ಆ ಹಸಿರೆಲೆ ಮಾತು! ಆ ಮಾವ ಅಂದಿದ್ದು! ಇಷ್ಟು ಹೃದಯ ಯಾವ ಮನುಷ್ಯನಿಗಿದೆ?”

“ಮೇಡಂ, ಅದು… ಅದು ನಾನು” ಎಂದ ಸದ್ಯಕ್ಕಪ್ಪ. “ನೆಟ್‌ವರ್ಕ್ ಹೋಗಿತ್ತು. ನಾನೇ ಮಾತಾಡಿದ್ದು.”

ಎಲ್ಲರೂ ಅವನನ್ನು ನೋಡಿದರು. ಮೇಡಂ ನಕ್ಕರು. “ನೀವಾ? ಎಲ್ಲಿ, ಹೇಳಿ ನೋಡೋಣ.”

ಅವನು ಎರಡು ಸಲ ಕೆಮ್ಮಿದ. “ನಿಮ್ಮ… ನಿಮ್ಮ ಕಣ್ಣು ಸುಳ್ಳು ಹೇಳಲ್ಲ ತಾಯಿ…” ಬೆವರಿದ ಅಂಗೈ ಪ್ಯಾಂಟಿಗೆ ಒರೆಸಿಕೊಂಡ. ಸ್ವಂತ ದನಿಯಲ್ಲಿ ಅದೇ ಮಾತು ಒದ್ದೆ ಪಟಾಕಿಯಂತೆ ಸುಯ್ಯೆಂದಿತು.

ಸದಸ್ಯರು ಅನುಕಂಪದಿಂದ ತಲೆಯಾಡಿಸಿದರು. “ಬೇಜಾರು ಮಾಡ್ಕೋಬೇಡಿ, ಆದ್ರೆ ಭಾವನೆ ಸಾಲದು” ಎಂದರು ಮೇಡಂ. “ಯಂತ್ರಕ್ಕಿರೋ ಆ ಮಾನವೀಯತೆ ನಿಮ್ಮಲ್ಲಿ ಬರ್ತಿಲ್ಲ.”

ಹುಳುಕಕ್ಕ ಮಾತ್ರ ನಗಲಿಲ್ಲ. “ಪರೀಕ್ಷೆ ಮಾಡಿಬಿಡೋಣ. ನೆಟ್‌ವರ್ಕ್ ಬಂದಿದೆ. ಇವನು ಬಾಯಿ ಮುಚ್ಚಿಕೊಂಡಿರಲಿ. ಬೆಳಗ್ಗೆ ಕೇಳಿದ್ದನ್ನೇ ಯಂತ್ರಕ್ಕೆ ಕೇಳ್ತೀನಿ.”

ಸದ್ಯಕ್ಕಪ್ಪನಿಗೆ ಹೋದ ಜೀವ ಬಂದಂತಾಯಿತು. ಯಂತ್ರ ಈಗ ‘ಸೂಕ್ತ ಕ್ರಮ ಕೈಗೊಳ್ತೀನಿ’ ಎನ್ನುತ್ತದೆ, ಹಾಲು ಯಾವುದು, ನೀರು ಯಾವುದು ಗೊತ್ತಾಗುತ್ತದೆ. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತ.

“ಸಾರ್, ನಮ್ಮ ಬೀದಿಯಲ್ಲಿ ಸೂರ್ಯ ಬೇರೆ ಕಡೆಗಿಂತ ಬೇಗ ಮುಳುಗ್ತಾನೆ. ಏನ್ಮಾಡ್ತೀರಿ?”

ಯಂತ್ರ ತಕ್ಷಣ ಉತ್ತರಿಸಲಿಲ್ಲ. ಮೊದಲು ಸಣ್ಣಗೆ ಕೆಮ್ಮಿತು.

“ಸೂರ್ಯ ನನ್ನ ಕೈಲಿಲ್ಲ ತಾಯಿ” ಎಂದಿತು. “ಆಗುತ್ತೆ ಅಂತ ಹೇಳಿದ್ರೆ ನಿಮಗೆ ಸುಳ್ಳು ಹೇಳಿದ ಹಾಗಾಗುತ್ತೆ. ಆದ್ರೆ ಕತ್ತಲೆಯ ಹೊತ್ತಲ್ಲಿ ಒಬ್ಬರೇ ನಡ್ಕೊಂಡು ಬರೋಕೆ ಭಯ ಆಗ್ತಿದ್ರೆ, ಅದನ್ನ ಹೇಳಿ. ಅದಕ್ಕೇನಾದ್ರೂ ಮಾಡೋಣ.”

ಹುಳುಕಕ್ಕನ ಕೈಯಿಂದ ಮೈಕು ಜಾರಿತು. ಆಕೆ ಅದನ್ನು ಬಗ್ಗಿ ಎತ್ತಿಕೊಳ್ಳಲಿಲ್ಲ. “ನಾನು ದಿನಾ ಆಫೀಸಿಂದ ಒಬ್ಬಳೇ ನಡ್ಕೊಂಡು ಹೋಗೋದು ಇದಕ್ಕೆ ಹೇಗೆ ಗೊತ್ತು?” ಎಂದಳು ಮೆಲ್ಲಗೆ.

ಸದಸ್ಯರ ದನಿ ಎಲ್ಲಿ ಕೇಳಿದರೂ ಕಲಿ ಎಂದು ಯಂತ್ರಕ್ಕೆ ಹೇಳಿದವನು ಸದ್ಯಕ್ಕಪ್ಪನೇ. ಸಂಪರ್ಕ ಮರಳಿದ ಕೂಡಲೇ ಅದು ಮಧ್ಯಾಹ್ನ ಆ ದನಿ ಆಡಿದ್ದನ್ನೆಲ್ಲ ಪಾಠ ಮಾಡಿಕೊಂಡಿತ್ತು. ವರ್ಷಗಟ್ಟಲೆಯ ಭಾಷಣಗಳನ್ನು ಪಕ್ಕಕ್ಕೆ ಸರಿಸಿ ಅವನ ನಾಲ್ಕು ಮಾತನ್ನು ಹಿಡಿದುಕೊಂಡಿತ್ತು. ಇದು ಅವನ ಮಾತು; ಆದರೆ ಅವನು ಇನ್ನೂ ಆಡಿರದ ಮಾತು. ಅವನಿಗಿಂತ ಚೆನ್ನಾಗಿ ಅವನಂತೆ ಇತ್ತು. ಅಳಬೇಕೋ ನಗಬೇಕೋ ತಿಳಿಯದೆ, ಬಾಯಿಗೆ ಹಿಡಿದ ಕೈಯನ್ನು ತೆಗೆಯುವುದನ್ನೂ ಮರೆತು, ತನ್ನದೇ ಕೂಸನ್ನು ನೋಡುತ್ತಾ ನಿಂತ.

“ಇನ್ನೇನು ಬೇಕು ಸಾಕ್ಷಿ?” ಎಂದರು ಮೇಡಂ. “ಈಗಿನಿಂದಲೇ ಸದಸ್ಯರ ಆಫೀಸಿನ ಫೋನು, ಮಾತು ಪೂರ್ತಿ ಯಂತ್ರಕ್ಕೆ. ಅಲ್ಲಿ ನಿಮಗೆ ಕೆಲಸ ಇಲ್ಲ. ಹೆದರಬೇಡಿ, ನಿಮಗೂ ಒಂದು ಅವಕಾಶ ಇದೆ. ಕತ್ತಲಾಗೋದ್ರೊಳಗೆ ದೀಪ ಉರಿಯುತ್ತೆ ಅಂತ ಯಂತ್ರ ಮಾತು ಕೊಟ್ಟುಬಿಟ್ಟಿದೆ. ಪಾಪ, ಅದಕ್ಕೆ ಕೈಕಾಲಿಲ್ಲ.”

ಸೂರ್ಯ ಮಾರ್ಕೆಟ್ಟಿನ ಹೆಂಚಿನ ಮೇಲೆ ಕೂತಿದ್ದಾಗ ಸದ್ಯಕ್ಕಪ್ಪ ಆ ಬೀದಿ ಮುಟ್ಟಿದ. ಲೈನ್‌ಮನ್ ಏಣಿ ತಂದಿದ್ದ, ಹೊಸ ಬಲ್ಬು ತಂದಿದ್ದ, ಕರೆಂಟು ತೆಗೆಸಿಯೂ ಇದ್ದ. ಆದರೆ ಹತ್ತಲು ಒಲ್ಲೆನೆಂದ. ಫೋನು ತೆರೆದು ಹಸಿರು ಬಣ್ಣ ತೋರಿಸಿದ.

“ನೋಡಿ ಸಾರ್, ಈ ಕಂಬದ ದೂರು ಪರಿಹಾರ ಆಗಿದೆ. ಸರಿಯಾಗಿರೋ ದೀಪ ರಿಪೇರಿ ಮಾಡಿದ್ರೆ ನನ್ನ ಮೇಲೆ ವಿಚಾರಣೆ ಆಗುತ್ತೆ. ಇದನ್ನ ಕೆಂಪು ಮಾಡಿ, ಹತ್ತುತೀನಿ.”

ಸದ್ಯಕ್ಕಪ್ಪ ಪ್ರಯತ್ನಿಸಿದ. ಹಸಿರಾದದ್ದನ್ನು ಕೆಂಪು ಮಾಡಲು ಸದಸ್ಯರ ಆಫೀಸಿನ ಒಪ್ಪಿಗೆ ಬೇಕು, ಆಫೀಸಿಗೆ ಫೋನ್ ಮಾಡಿದರೆ ಯಂತ್ರವೇ ಎತ್ತಿ, “ನಿಮ್ಮ ಕಷ್ಟ ಅರ್ಥ ಆಗುತ್ತಪ್ಪ. ಒಪ್ಪಿಗೆ ಕೊಡೋ ಅಧಿಕಾರ ನನಗಿಲ್ಲ, ಇದೆ ಅಂದ್ರೆ ಸುಳ್ಳಾಗುತ್ತೆ” ಎಂದಿತು. ಎಷ್ಟು ಪ್ರಾಮಾಣಿಕ ಉತ್ತರವೆಂದು ಅವನ ಕಣ್ಣು ತುಂಬಿತು. ಅವನು ಚಪ್ಪಲಿ ಬಿಟ್ಟು ಏಣಿಗೆ ಕಾಲಿಟ್ಟ.

“ನಾನು ಹಿಡ್ಕೋತೀನಿ!” ಎಂಬ ಗುಡುಗು ಕೇಳಿತು. ಮಾವ! ಸದಸ್ಯರ ಮಾತು ನಡೆಯುತ್ತದೋ ಇಲ್ಲವೋ ಕಣ್ಣಾರೆ ನೋಡಲು ಮೈದಾನದಿಂದ ಅರ್ಧ ಊರೇ ಅವರ ಹಿಂದೆ ಬಂದಿತ್ತು. ಹೊಲಿಗೆಯ ಹೆಂಗಸು ತನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದಳು. “ಅಳಿಯಂದಿರೇ, ಸದಸ್ಯರು ನಿಮ್ಮನ್ನೇ ಆರಿಸಿ ಕಳಿಸಿದ್ರಾ? ಪುಣ್ಯವಂತರು ನೀವು! ಹತ್ತಿ, ಹತ್ತಿ!”

ಏಣಿ ಅಲ್ಲಾಡಿತು, ತುಕ್ಕು ಹಿಡಿದ ಮುಚ್ಚಳ ಬೆರಳು ಕಚ್ಚಿತು. ಹಳೆಯ ಬಲ್ಬಿನ ತುಂಬ ಸತ್ತ ಹುಳುಗಳು. ಹೊಸದನ್ನು ತಿರುಗಿಸಿ ಕೂರಿಸಿ ಕೈ ಬೀಸಿದ. ಲೈನ್‌ಮನ್ ಮೂಲೆಯ ಪೆಟ್ಟಿಗೆಯಲ್ಲಿ ಸ್ವಿಚ್ಚು ಒತ್ತಿದ.

ದೀಪ ಹೊತ್ತಿತು.

ಬೀದಿಯಿಡೀ ಒಮ್ಮೆಗೇ ಮೇಲೆ ನೋಡಿತು. ಬಾಗಿಲುಗಳು ತೆರೆದವು. ಅಜ್ಜಿಯೊಬ್ಬಳು ಹೊರಗೆ ಬಂದು ತನ್ನ ಎರಡೂ ಅಂಗೈಗಳನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. ಕಂಬದ ತುದಿಯನ್ನು ಅಪ್ಪಿ ಹಿಡಿದು ನಿಂತ ಸದ್ಯಕ್ಕಪ್ಪನಿಗೆ ಕ್ಷಣಹೊತ್ತು ಎತ್ತರದ ಭಯವೂ ಮರೆತುಹೋಯಿತು. ಅಷ್ಟು ವರ್ಷ ಕೀಲಿಮಣೆ ಕುಟ್ಟಿದ್ದಾನೆ. ತಾನು ಮಾಡಿದ ಕೆಲಸ ಯಾರದೋ ಮುಖದ ಮೇಲೆ ಬೆಳಕಾಗಿ ಬಿದ್ದದ್ದನ್ನು ಅವನು ನೋಡಿದ್ದು ಇದೇ ಮೊದಲು.

“ಸದಸ್ಯರಿಗೆ ಜಯವಾಗಲಿ!” ಎಂದು ಯಾರೋ ಕೂಗಿದರು. ಬೀದಿಯೆಲ್ಲ ದನಿಗೂಡಿಸಿತು.

“ಬಂಗಾರ! ಬಂಗಾರ!” ಎಂದರು ಮಾವ ಗದ್ಗದರಾಗಿ.

ಸದ್ಯಕ್ಕಪ್ಪನ ಕಿವಿ ನೆಟ್ಟಗಾಯಿತು. “ಯಾರು ಮಾವ?” ಎಂದು ಮೇಲಿನಿಂದ ಕೇಳಿದ.

“ಇನ್ಯಾರು, ಸದಸ್ಯರು! ಹೇಳಿದ ಮಾತು ಹೇಳಿದ ಹೊತ್ತಿಗೆ ನಡೆಸಿದ್ರಲ್ಲ! ಮನುಷ್ಯ ಅಂದ್ರೆ ಹಾಗಿರಬೇಕು.” ಮಾವ ಹಣೆಗೆ ಕೈ ಅಡ್ಡ ಹಿಡಿದು ದೀಪವನ್ನು ಕಣ್ತುಂಬ ನೋಡಲು ಯತ್ನಿಸಿದರು, ಕತ್ತು ಆ ಕಡೆ ಈ ಕಡೆ ವಾಲಿಸಿದರು, ಆಮೇಲೆ ಬೀದಿಯ ಕೊನೆಗೂ ಕೇಳುವಂತೆ ಹೇಳಿದರು:

“ಅಳಿಯಂದಿರೇ, ಸ್ವಲ್ಪ ಕೆಳಗಿಳೀರಿ. ಬೆಳಕಿಗೆ ಅಡ್ಡ ಬರ್ತಿದೀರ.”